ಆರು ಕೆಜಿ ವಿಶ್ವಾಸ

ಇಷ್ಟಕ್ಕೆಲ್ಲ ಕಾರಣ ಒಂದು ಪ್ಲಾಸ್ಟಿಕ್ ಕುರ್ಚಿ. ಮಗಳ ಶಾಲೆಯಲ್ಲಿ ಪೋಷಕರ ಸಭೆ. ಪಾರ್ಸೆಲ್ ಆಫೀಸಿನ ಬುಕಿಂಗ್ ಗುಮಾಸ್ತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಮೂರನೇ ಸಾಲಿನಲ್ಲಿ ಕೂತ. ಹೆಡ್‌ಮೇಡಂ ಮಾತು ಶುರುಮಾಡಿ ಎರಡು ನಿಮಿಷ ಆಗಿರಲಿಲ್ಲ, ಕುರ್ಚಿಯ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು. ಗುಮಾಸ್ತ ನೆಲದ ಮೇಲೆ. ಸಭೆಗೆ ಸಭೆಯೇ ನಕ್ಕಿತು. ನಗಲಿ ಬಿಡಿ, ಪರರು ಬಿದ್ದರೆ ನಗದೆ ಇರುವಷ್ಟು ದೊಡ್ಡ ಮನಸ್ಸು ಯಾರಿಗಿದೆ? ಆದರೆ ಗೆಳತಿಯರ ಗುಂಪಿನಲ್ಲಿ ನಿಂತಿದ್ದ ಮಗಳೂ ನಕ್ಕಳು. "ಯಾರೇ ಅದು?" ಎಂದು ಪಕ್ಕದವಳು ಕೇಳಿದ್ದಕ್ಕೆ "ಯಾರೋ, ನಂಗೊತ್ತಿಲ್ಲ" ಅಂದಳು. ಅದು ಅಪ್ಪನ ಕಿವಿಗೆ ಬಿತ್ತು. ಸೊಂಟದ ನೋವು ಮೂರು ದಿನಕ್ಕೆ ಹೋಯಿತು. ಆ ಮಾತು ಹೋಗಲಿಲ್ಲ.

ಹಾಗಂತ ಅವನು ತೂಕ ಇಳಿಸಲು ಏನೂ ಮಾಡಿರಲಿಲ್ಲ ಅಂತಲ್ಲ. ಹನ್ನೆರಡು ವರ್ಷದಿಂದ ಅದೇ ಕೆಲಸ. ಬಾಯಿ ಕಟ್ಟಿದ, ನಡೆದ, ಓಡಿದ, ಒಂದು ತಿಂಗಳು ಬರೀ ಸೊಪ್ಪು ತಿಂದು ಹೆಂಡತಿಯ ಮೇಲೆ ರೇಗಾಡಿದ. ನಾಲ್ಕು ಕೆಜಿ ಹೋಗುತ್ತಿತ್ತು, ಹೋದದ್ದು ಬರುವಾಗ ಜೊತೆಗೆ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಿತ್ತು. ಈಗ ಮೆಟ್ಟಿಲು ಕಂಡರೆ ಮಂಡಿ ಅಳುತ್ತಿತ್ತು. ನಿದ್ದೆಯಲ್ಲಿ ಉಸಿರು ನಿಂತು ಹೆಂಡತಿ ಗಾಬರಿಯಿಂದ ಮಗ್ಗುಲಿಗೆ ತಳ್ಳುವುದು ದಿನನಿತ್ಯದ ಕಥೆ. ಡಾಕ್ಟರು ಪರೀಕ್ಷೆ ಎಲ್ಲ ಮಾಡಿಸಿ ನೇರವಾಗಿಯೇ ಹೇಳಿದ್ದರು: "ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಒಂದೇ ದಾರಿ. ಈಗ ಯಾರೋ ಪುಣ್ಯಾತ್ಮರು ಹತ್ತು ಜನಕ್ಕೆ ಉಚಿತವಾಗಿ ಮಾಡಿಸ್ತಿದಾರೆ. ಪಟ್ಟೀಲಿ ಹೆಸರು ಸೇರಿಸೋದೇ ಮೊದಲನೇ ಹೆಜ್ಜೆ. ಸೋಮವಾರ ಐದು ಗಂಟೆ ಒಳಗೆ ಬನ್ನಿ. ಮುಂದಿನ ಪಟ್ಟಿ ಯಾವಾಗಲೋ, ನನಗೂ ಗೊತ್ತಿಲ್ಲ."

ಸೋಮವಾರ ಗುಮಾಸ್ತ ರಜೆ ಹಾಕಿದ. ಕಾರಣ ಹಲ್ಲುನೋವು ಅಂತ ಬರೆದ. ನಿಜ ಬರೆದಿದ್ದರೆ ಮಧ್ಯಾಹ್ನದ ಹೊತ್ತಿಗೆ ಆಫೀಸಿನ ಗೋಡೆಗೂ ಗೊತ್ತಾಗುತ್ತಿತ್ತು. ಮೊದಲೇ ಅಲ್ಲಿ ಅವನಿಗೆ 'ಡಬಲ್ ಪಾರ್ಸೆಲ್' ಎಂಬ ಹೆಸರಿತ್ತು.

ಆಸ್ಪತ್ರೆಯಲ್ಲಿ ನರ್ಸ್ ಪಟ್ಟಿ ಹಿಡಿದು ಕೂತಿದ್ದಳು. ಆಗಲೇ ಏಳು ಹೆಸರಾಗಿತ್ತು.

"ನಿಮ್ಮ ರಿಪೋರ್ಟ್ ಎಲ್ಲ ಸರಿ ಇದೆ. ತೂಕದ ಚೀಟಿ ಒಂದು ಬೇಕು. ನೂರ ಇಪ್ಪತ್ತು ದಾಟಿರಬೇಕು."

"ಅಗೋ, ಅಲ್ಲೇ ಮೆಷಿನ್ ಇದೆಯಲ್ಲ ಸಿಸ್ಟರ್."

"ಕೆಟ್ಟಿದೆ. ಹೋದ ವಾರ ಈ ಪಟ್ಟಿಯವರೇ ಒಬ್ಬರು ಹತ್ತಿದರು. ಅವತ್ತಿಂದ ಯಾರು ಹತ್ತಿದರೂ ಸೊನ್ನೆ."

"ನಾನೊಂದು ಸಲ ಹತ್ತಲಾ?"

"ಹತ್ತಿ, ಖುಷಿಯಾಗುತ್ತೆ."

ಹತ್ತಿದ. ಸೊನ್ನೆ. ನಿಜಕ್ಕೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು.

"ಸರ್ಕಾರಿ ಮೊಹರು ಇರೋ ಯಾವುದಾದರೂ ಕಾಟಾದಲ್ಲಿ ತೂಕ ಹಾಕಿಸಿ, ಪ್ರಿಂಟಾದ ಚೀಟಿ ತನ್ನಿ" ಅಂದಳು ನರ್ಸ್.

"ನನ್ನ ನೋಡಿದರೆ ಗೊತ್ತಾಗಲ್ಲವಾ ಸಿಸ್ಟರ್?"

"ಗೊತ್ತಾಗುತ್ತೆ. ನೋಡಿದ್ದನ್ನ ಫೈಲಿಗೆ ಹಾಕೋಕಾಗುತ್ತಾ?"

ಮೊಹರಿರುವ, ಚೀಟಿ ಕೊಡುವ, ಮನುಷ್ಯ ನಿಲ್ಲಬಹುದಾದ ಕಾಟಾ ಗುಮಾಸ್ತನಿಗೆ ಗೊತ್ತಿದ್ದದ್ದು ಜಗತ್ತಿನಲ್ಲಿ ಒಂದೇ. ಯಾವ ಜಾಗಕ್ಕೆ ಸುದ್ದಿ ಹೋಗಬಾರದು ಅಂತ ಹಲ್ಲಿನ ನೆಪ ಹೇಳಿದ್ದನೋ ಅದೇ ಜಾಗಕ್ಕೆ ಬಸ್ಸು ಹತ್ತಿದ.

ಊಟದ ಬಿಡುವಿನಲ್ಲಿ ಗೋದಾಮಿನ ಹಿಂಬಾಗಿಲಿಂದ ಒಳಗೆ ನುಸುಳಿದ. ನುಸುಳುವ ಮೈಯಲ್ಲ ಅದು. ಎರಡು ರಟ್ಟಿನ ಪೆಟ್ಟಿಗೆ ಉರುಳಿದವು. ಕಾಟಾದ ಪಕ್ಕದಲ್ಲಿ ಡಬ್ಬಿ ಬಿಚ್ಚಿ ಕೂತಿದ್ದ ತೂಕದವನು ತಲೆ ಎತ್ತಿದ. ಹದಿನೈದು ವರ್ಷದ ಗೆಳೆಯ, ಆಫೀಸಿಗೆಲ್ಲ ಅವನು 'ತಕ್ಕಡಿ'.

"ಏನೋ, ಕಿತ್ತರಾ ಹಲ್ಲು? ಎಲ್ಲಿ, ಬಾಯಿ ತೆಗಿ."

"ಹಲ್ಲು ಹಾಳಾಗಿ ಹೋಗಲಿ. ಒಂದು ಉಪಕಾರ ಮಾಡು. ಯಾರಿಗೂ ಹೇಳಬಾರದು, ನನ್ನಾಣೆ."

ತಕ್ಕಡಿ ಎಲ್ಲ ಕೇಳಿ ಕಣ್ಣು ಒದ್ದೆ ಮಾಡಿಕೊಂಡ. "ಅಯ್ಯೋ, ಇಷ್ಟು ದಿನ ಒಬ್ಬನೇ ಒದ್ದಾಡಿದೆಯಲ್ಲೋ. ಹತ್ತು, ಹತ್ತು" ಅಂತ ಕಾಟಾದ ಮೇಲಿನ ಧೂಳು ಒರೆಸಿದ. "ಚೀಟಿ ಬರಬೇಕಾದರೆ ಒಳಗೇನಿದೆ ಅಂತ ನಮೂದಿಸಬೇಕಲ್ಲ. ಏನು ಹಾಕಲಿ? 'ಒಡೆಯುವ ವಸ್ತು'?"

"ಏನಾದರೂ ಹಾಕು ಮಾರಾಯ, ಬೇಗ."

ಬೇಗ ಎಲ್ಲಿಂದ ಬಂತು? ಆ ಪ್ರಿಂಟರು ಚೀಟಿ ಹೊರಗೆ ಕಳಿಸುವಾಗ ಮಾಡುವ ಸದ್ದಿಗೆ ಸೀಲಿನಕ್ಕ ಎದ್ದು ಬಂದಳು. ಆಫೀಸಿನಿಂದ ಹೊರಗೆ ಹೋಗುವ ಪ್ರತಿ ಕಾಗದಕ್ಕೂ ಸೀಲು ಒತ್ತುವ ಹಿರಿಯಳು ಅವಳು. ಅವಳ ಸೀಲಿಲ್ಲದೆ ಚೀಟಿಗೆ ಬೆಲೆಯಿಲ್ಲ, ಅವಳಿಗೆ ಕಾರಣ ಹೇಳದೆ ಸೀಲಿಲ್ಲ. ಹೇಳಬೇಕಾಯಿತು.

"ಆಪರೇಷನ್ನಾ!" ಎಂದು ಅವಳು ಕೂಗಿದ್ದು ರಸ್ತೆಯ ಆಚೆ ಬದಿಗೂ ಕೇಳಿತು.

ಐದು ನಿಮಿಷದಲ್ಲಿ ಇಡೀ ಆಫೀಸು ಕಾಟಾದ ಸುತ್ತ. ಊಟದ ಡಬ್ಬಿ ಕೈಯಲ್ಲಿ ಹಿಡಿದೇ ಬಂದವರು ಅವನಿಗೆ ಊಟ ಬಿಡು ಅಂತ ಬುದ್ಧಿ ಹೇಳಿದರು. "ಬಿಸಿನೀರು ಕುಡಿಯೋ, ನಮ್ಮ ತಂಗಿ ಕುಡಿದು ಹೇಗಾಗಿದಾಳೆ ಗೊತ್ತಾ" ಅಂದಳು ಸೀಲಿನಕ್ಕ. ಆ ತಂಗಿಯನ್ನು ಗುಮಾಸ್ತ ನೋಡಿದ್ದ. ಅವನಿಗಿಂತ ಒಂದು ಸುತ್ತು ಹೆಚ್ಚೇ ಇದ್ದಳು.

ಗಲಾಟೆಗೆ ಮ್ಯಾನೇಜರ್ ಕೋಣೆಯಿಂದ ಹೊರಗೆ ಬಂದರು. ಅವರೂ ಸಣ್ಣ ಆಳೇನಲ್ಲ. ಆದರೆ ಕೋಟು ಹಾಕುತ್ತಿದ್ದರು. ಕೋಟಿನ ಒಳಗಿರುವ ಹೊಟ್ಟೆಗೆ ಮರ್ಯಾದೆಯೇ ಬೇರೆ.

"ಹಲ್ಲುನೋವು ಅಂದೆಯಲ್ಲಯ್ಯಾ?"

ಗುಮಾಸ್ತ ತಲೆ ತಗ್ಗಿಸಿದ. ಮ್ಯಾನೇಜರ್ ಅವನ ಕೈಯಲ್ಲಿದ್ದ ಆಸ್ಪತ್ರೆಯ ಕಾಗದ ಕಿತ್ತುಕೊಂಡು ಮೇಲಿಂದ ಕೆಳಗೆ ಓದಿದರು. "ಮನೋಬಲ ಇಲ್ಲದವರ ಕೆಲಸ ಇದು. ನನ್ನ ನೋಡು, ಅನ್ನದ ಮುಂದೆ ಕೂತರೂ ಮನಸ್ಸು ಅಲ್ಲಾಡಲ್ಲ. ಬಾಯಿ ಕಟ್ಟೋಕಾಗದವನು ಹೊಟ್ಟೆ ಕೊಯ್ಸಿಕೊಳ್ತಾನಂತೆ!" ಎಲ್ಲರೂ ನಕ್ಕರು. ಗುಮಾಸ್ತನಿಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನ ಕೋಟಿನ ಜೇಬಿನಲ್ಲಿ ಯಾವಾಗಲೂ ಬಿಸ್ಕತ್ತಿನ ಪೊಟ್ಟಣ ಇರುವುದು ಅವನಿಗೆ ಗೊತ್ತಿತ್ತು. ಆ ಲೆಕ್ಕ ಇನ್ನೊಂದು ದಿನಕ್ಕಿರಲಿ. ಇವತ್ತು ಚೀಟಿ ಒಂದು ಸಿಕ್ಕರೆ ಸಾಕು.

ಆ ಗಲಾಟೆಯಲ್ಲಿ ಗುಮಾಸ್ತ ಅಂಕಿ ನೋಡುವ ಮೊದಲೇ ಸೀಲಿನಕ್ಕ ಚೀಟಿಗೆ ಸೀಲು ಒತ್ತಿದಳು, ಮಡಚಿದಳು, ಕವರಿಗೆ ಹಾಕಿದಳು, ಕವರಿನ ಬಾಯಿಗೆ ಅರಗು ಕರಗಿಸಿ ಸುರಿದು ಮತ್ತೊಂದು ಮೊಹರು ಒತ್ತಿದಳು. ಪಾರ್ಸೆಲ್ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಕಳೆದವಳಿಗೆ ಬರೀ ಕಾಗದ ಕೈಗೆ ಕೊಡಲು ಬರುವುದಿಲ್ಲ. ಗುಮಾಸ್ತ ಆ ಕವರನ್ನು ಎದೆಗೆ ಅವಚಿಕೊಂಡು ಓಡಿದ.

ಮೂರೂಕಾಲಿಗೆ ಡಾಕ್ಟರು ಅರಗು ಒಡೆದು ಚೀಟಿ ತೆಗೆದರು. ಓದಿದರು. ಎದ್ದು ನಿಂತು ಅವನ ಕೈ ಕುಲುಕಿದರು.

"ಸಂತೋಷಪಡಿ! ನೂರ ಹದಿನೆಂಟು. ನೀವು ಪಟ್ಟಿಗೆ ಬರಲ್ಲ."

"ಇಲ್ಲ ಡಾಕ್ಟ್ರೇ, ಸಾಧ್ಯವೇ ಇಲ್ಲ! ಮಂಡಿ ಕೇಳಿ ನೋಡಿ ಬೇಕಾದರೆ!"

"ಮಂಡಿ ಸೀಲು ಒತ್ತಲ್ಲವಲ್ಲ. ಇದು ಮೊಹರಿನ ಕಾಟಾ. ತಪ್ಪಿದೆ ಅನ್ನಿಸಿದರೆ ಇನ್ನೊಂದು ಚೀಟಿ ತನ್ನಿ. ಒಂದು ಜಾಗ ಉಳಿದಿದೆ. ಐದು ಗಂಟೆಗೆ ಮುಚ್ಚುತ್ತೀವಿ."

ಗುಮಾಸ್ತನಿಗೆ ಅಳುವೇ ಬಂತು. ಜೀವಮಾನದಲ್ಲಿ ಮೊದಲ ಸಲ ತೂಕ ಕಡಿಮೆ ಅನ್ನಿಸಿಕೊಂಡದ್ದು, ಅದೂ ಇವತ್ತೇ ಆಗಬೇಕಿತ್ತೇ? ಟ್ಯಾಕ್ಸಿ ಹಿಡಿದು ಮತ್ತೆ ಆಫೀಸಿಗೆ ಬಂದ. ತಕ್ಕಡಿ ನಗುನಗುತ್ತ ಎದುರು ಬಂದ.

"ಬಂದೆಯಾ! ನೀನು ಹೋದಮೇಲೆ ಇಲ್ಲೊಂದು ತಮಾಷೆ ನಡೀತು ಕಣೋ, ಕೇಳಿದರೆ..."

"ತಮಾಷೆ ಆಚೆಗಿಡು. ನೂರ ಹದಿನೆಂಟು ಹೇಗೆ ಬಂತು? ಕಾಟಾ ಕೆಟ್ಟಿದೆಯಾ?"

ತಕ್ಕಡಿ ಅತ್ತಿತ್ತ ನೋಡಿ, ದನಿ ತಗ್ಗಿಸಿ, ಬಲಗಾಲಿನ ಚಪ್ಪಲಿ ಕಳಚಿ ಹೆಬ್ಬೆರಳು ತೋರಿಸಿದ. "ಇದು ಕಣೋ. ಕಾಟಾದ ಹಲಗೆಯ ಅಂಚಿನ ಕೆಳಗೆ ಕೊಟ್ಟು ಸ್ವಲ್ಪ ಎತ್ತಿ ಹಿಡಿದೆ. ನಮ್ಮವರ ಪಾರ್ಸೆಲ್ ಬಂದರೆ ಇದು ತಾನಾಗೇ ಅಲ್ಲಿಗೆ ಹೋಗುತ್ತೆ. ಚೀಟಿ ನೋಡಿ ನಾಲ್ಕು ಜನ ನಗಬಾರದಲ್ಲ, ನನ್ನ ಗೆಳೆಯನಿಗೆ ಆರು ಕೆಜಿ ಕಡಿಮೆ ಮಾಡದೆ ಇರ್ತೀನಾ?"

"ಜಾಸ್ತಿ ಬೇಕಿತ್ತಲ್ಲೋ! ನೂರ ಇಪ್ಪತ್ತು ದಾಟಬೇಕು ಅಂತ ಹೇಳಲಿಲ್ಲವಾ?"

"ಎಲ್ಲಿ ಹೇಳಿದೆ? ತೂಕದ ಚೀಟಿ ಬೇಕು ಅಂದೆ, ಅಷ್ಟೇ. ಯಾವನಾದರೂ ತೂಕ ಜಾಸ್ತಿ ತೋರಿಸು ಅಂತ ಕೇಳ್ತಾನಾ? ನನ್ನ ಸರ್ವೀಸಿನಲ್ಲೇ ಕೇಳಿಲ್ಲ."

ಗುಮಾಸ್ತ ತಲೆತಲೆ ಚಚ್ಚಿಕೊಂಡ. ಬೈಯೋಣ ಅಂದರೆ ವಿಶ್ವಾಸಕ್ಕೆ ಮಾಡಿದ ಕೆಲಸ. ಬೈಯದಿದ್ದರೆ ಎದೆ ಒಡೆಯುತ್ತದೆ. "ಎರಡೂ ಕಾಲು ಎತ್ತಿ ಸ್ಟೂಲಿನ ಮೇಲಿಟ್ಟು ಕೂರು" ಅಂತ ಅಪ್ಪಣೆ ಮಾಡಿ ಕಾಟಾ ಹತ್ತಿದ. ನೂರ ಇಪ್ಪತ್ತನಾಲ್ಕು. ಆ ಅಂಕಿ ನೋಡಿ ಇಷ್ಟು ಖುಷಿಪಟ್ಟವನು ಲೋಕದಲ್ಲಿ ಇನ್ನೊಬ್ಬ ಇರಲಾರ.

"ಒಂದು ಮಾಲಿಗೆ ಒಂದೇ ದಿನ ಎರಡು ಚೀಟಿ ಕೊಡೋ ಹಾಗಿಲ್ಲಪ್ಪಾ" ಅಂದಳು ಸೀಲಿನಕ್ಕ. "ಸಾಹೇಬರ ಸಹಿ ಬೇಕು. ಸಾಹೇಬರು ತಲೆಸುತ್ತು ಅಂತ ಆಗಲೇ ಹೊರಟುಹೋದರು."

"ಅಕ್ಕಾ, ನಾನು ಮಾಲಲ್ಲ, ಮನುಷ್ಯ. ಉಸಿರು ನಿಂತು ಸತ್ತರೆ ನಿನ್ನ ಮನೆ ಬಾಗಿಲಿಗೇ ಬರ್ತೀನಿ ನೋಡು."

ಅವಳು ಹೆದರಿ ಸೀಲು ಒತ್ತಿದಳು. ಆದರೆ ಅರಗು ಬಿಡಲಿಲ್ಲ. ಅರಗು ಕರಗಿಸುವಷ್ಟರಲ್ಲಿ ನಾಲ್ಕೂವರೆ ಆಯಿತು.

ಆಸ್ಪತ್ರೆಯ ಲಿಫ್ಟಿನ ಮುಂದೆ ದೊಡ್ಡ ಸಾಲು. ಗುಮಾಸ್ತ ಎರಡು ಮಹಡಿ ಹತ್ತಿದ. ಪ್ರತಿ ಮೆಟ್ಟಿಲಿಗೂ ಮಂಡಿ ಶಾಪ ಹಾಕುತ್ತಿತ್ತು. ನರ್ಸಿನ ಮೇಜು ಮುಟ್ಟಿದಾಗ ಗಡಿಯಾರದಲ್ಲಿ ಐದಕ್ಕೆ ಎಂಟು ನಿಮಿಷ. ಕವರು ಮುಂದೆ ಚಾಚಿದ.

"ಅಯ್ಯೋ," ಅಂದಳು ನರ್ಸ್. ಪಾಪ, ಅವಳಿಗೂ ಬೇಜಾರಾಯಿತು. "ಹತ್ತನೇದು ಈಗ ತಾನೇ ಬರೆದೆ. ಹತ್ತು ಅಂದರೆ ಹತ್ತೇ, ನನ್ನ ಕೈಲಿಲ್ಲ."

ಡಾಕ್ಟರ ಕೋಣೆಯ ಬಾಗಿಲು ತೆರೆಯಿತು. ಕೋಟು ತೋಳಿನ ಮೇಲೆ ಹಾಕಿಕೊಂಡು ಮ್ಯಾನೇಜರ್ ಹೊರಗೆ ಬಂದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಸುಧಾರಿಸಿಕೊಂಡದ್ದು ಮ್ಯಾನೇಜರೇ. ಅದಕ್ಕೇ ಅವರು ಮ್ಯಾನೇಜರು. ಗುಮಾಸ್ತನ ಭುಜ ಹಿಡಿದು ಮೂಲೆಗೆ ಕರೆದೊಯ್ದರು.

"ನಿನ್ನದು ನೂರ ಹದಿನೆಂಟು ಅಂತ ಚೀಟಿಯ ಆಫೀಸ್ ಪ್ರತೀಲಿ ನೋಡಿದೆ. ಹೇಗೂ ನಿನಗೆ ಸಿಗಲ್ಲ, ಜಾಗ ಸುಮ್ಮನೆ ಹಾಳಾಗಬಾರದು ಅಂತ ನಾನು ಬಂದೆ. ನಂದು ನೂರ ಇಪ್ಪತ್ತೊಂದಂತೆ ಕಣಯ್ಯಾ! ನೂರ ಹದಿನೈದರ ಆಸುಪಾಸು ಅಂದುಕೊಂಡಿದ್ದೆ. ಚೀಟಿ ನೋಡಿ ಎದೆ ಧಸಕ್ಕೆಂದಿತು, ಸೀಲು ನಾನೇ ಒತ್ತಿಕೊಂಡು ಬಂದೆ. ಪರೀಕ್ಷೆ ಎಲ್ಲ ಆಮೇಲಂತೆ. ಆಫೀಸಿನಲ್ಲಿ ಯಾರಿಗೂ ಹೇಳಬೇಡ."

ಅಷ್ಟರಲ್ಲಿ ಗುಮಾಸ್ತನ ಫೋನು ಬಡಿದುಕೊಂಡಿತು. ತಕ್ಕಡಿ.

"ಸೇರಿತಾ ಹೆಸರು? ಸೇರಿರುತ್ತೆ ಬಿಡು. ಆಗಲೇ ಹೇಳೋಕೆ ಬಿಡಲಿಲ್ಲ ನೀನು, ಈಗ ಕೇಳು. ನೀನು ಮೊದಲನೇ ಸಲ ಹೋದಮೇಲೆ ಸಾಹೇಬರು ಬಂದು 'ಸುಮ್ಮನೆ ನೋಡೋಣ' ಅಂತ ಕಾಟಾ ಹತ್ತಿದರು. ನಿನ್ನನ್ನ ಎಲ್ಲರ ಮುಂದೆ ಹಾಗಂದಿದ್ದು ನನಗೆ ಉರೀತಿತ್ತು. ಹಿಮ್ಮಡಿ ಹಲಗೆ ಮೇಲಿಟ್ಟು ಚೆನ್ನಾಗಿ ಊರಿದೆ ನೋಡು, ಆರು ಕೆಜಿ ಜಾಸ್ತಿ! ಮುಖ ಬಿಳಚಿಕೊಂಡು ಹೋಯಿತು ಮಾರಾಯ. ನಿನ್ನ ಸೇಡು ತೀರಿಸಿದೀನಿ. ಹಲೋ? ಕೇಳಿಸ್ತಾ?"

ಕೇಳಿಸಿತ್ತು. ಗುಮಾಸ್ತ ಫೋನು ಜೇಬಿಗಿಟ್ಟ. ಒಳಗೆ ಹೋಗಿ ಡಾಕ್ಟರಿಗೆ ಹೇಳಿಬಿಡಲೇ? ಹೇಳಿದರೆ ಮ್ಯಾನೇಜರ ಚೀಟಿ ಸುಳ್ಳಾಗುತ್ತದೆ. ಅದೇ ಕಾಟಾದ, ಅದೇ ಕಾಲಿನ ಚೀಟಿ ತನ್ನದೂ. ಒಂದೇ ದಿನದಲ್ಲಿ ಎರಡು ತೂಕ ಬಂದವನನ್ನು ಯಾರು ನಂಬುತ್ತಾರೆ? ತಕ್ಕಡಿಯ ಕೆಲಸವಂತೂ ಹೋದಂತೆಯೇ. ಅವನ ಮನೆಯಲ್ಲೂ ತಿನ್ನುವ ಬಾಯಿಗಳಿವೆ. ಕೈಯಲ್ಲಿದ್ದ ಕವರಿನ ಅರಗು ಇನ್ನೂ ಬೆಚ್ಚಗಿತ್ತು.

"ಯಾರು ಫೋನು?" ಕೇಳಿದರು ಮ್ಯಾನೇಜರ್.

"ಮನೆಯಿಂದ ಸಾರ್."

"ಸರಿ. ನನಗೆ ಒಂದೂವರೆ ತಿಂಗಳು ರಜೆ ಬೇಕಾಗುತ್ತಂತೆ. ನನ್ನ ಟೇಬಲ್ಲೂ ನೀನೇ ನೋಡಿಕೋ. ಅಲ್ಲಿವರೆಗೂ ನಿನಗೆ ರಜೆ ಗಿಜೆ ಇಲ್ಲ. ಸಂಜೆ ಹೊತ್ತು ನಡಿ, ನಿನ್ನ ತೂಕಕ್ಕೆ ಅಷ್ಟು ಸಾಕು." ಆಮೇಲೆ ನಾಲ್ಕು ಪುಟದ ಒಂದು ಅರ್ಜಿ ಅವನ ಕೈಗಿಟ್ಟರು. "ನಿನ್ನ ಅಕ್ಷರ ಚೆನ್ನಾಗಿದೆ. ಇದನ್ನೊಂದು ತುಂಬಿಕೊಡು, ಐದಕ್ಕೆ ಮುಚ್ಚುತ್ತಾರೆ."

ಗುಮಾಸ್ತ ಬೆಂಚಿನ ಮೇಲೆ ಕೂತು ಹೆಸರು ಬರೆದ, ವಯಸ್ಸು ಬರೆದ, ಉದ್ಯೋಗ ಬರೆದ. ತೂಕ ಎನ್ನುವ ಕಡೆ ಬಂದಾಗ ಪೆನ್ನು ನಿಂತಿತು.

"ನೂರ ಇಪ್ಪತ್ತೊಂದು" ಅಂದರು ಮ್ಯಾನೇಜರ್, ಕೋಟಿನ ಜೇಬಿನಿಂದ ಬಿಸ್ಕತ್ತು ತೆಗೆಯುತ್ತ. "ದಪ್ಪಗೆ ಬರಿ, ಡಾಕ್ಟರಿಗೆ ಕಾಣಬೇಕು."

ಗುಮಾಸ್ತ ದಪ್ಪಗೆ ಬರೆದ.