ಅಳತೆಗೆ ಸಿಗದ ಮನೆ

ಧಾರಿಣಿ: ಅತ್ತೆ, ಹೋದ ವಾರ ಇಲ್ಲೊಂದು ಮನೆ ಇತ್ತಲ್ಲ, ಅದೆಲ್ಲಿ ಹೋಯ್ತು?

ಶಾಂತಮ್ಮ: ಇದೇ ಕಣೇ ಅದು! ಗುರುತು ಸಿಗಲಿಲ್ಲವಾ? ಐದಕ್ಕೆದ್ದು ಒಪ್ಪ ಮಾಡಿದೀನಿ.

ಧಾರಿಣಿ ಟೇಪು ಹಿಡಿದು ಬಾಗಿಲಲ್ಲೇ ನಿಂತಳು. ದಿಲ್ಲಿಯಲ್ಲಿ ಒಳಾಂಗಣ ವಿನ್ಯಾಸ ಕಲಿಯುತ್ತಿದ್ದ ಆಕೆ ಎರಡು ಮೆಟ್ರೊ, ಒಂದು ಆಟೊ ಬದಲಿಸಿ ಇಂದಿರಾಪುರಂನಲ್ಲಿ ಸೋದರತ್ತೆಯ ಹನ್ನೊಂದನೆಯ ಮಹಡಿಯ ಫ್ಲ್ಯಾಟಿಗೆ ಏರಿದ್ದು, ಜನ ಬದುಕುವ ಮನೆಯೊಂದನ್ನು ಇದ್ದುದು ಇದ್ದಂತೆ ಅಳೆದು ಬರೆಯಲೆಂದು. ಅವಳ ಮೊದಲ ನಕ್ಷೆಯನ್ನು ಕಾಲೇಜಿನ ಮೇಡಂ "ಇದು ಮನೆಯಲ್ಲ, ಅಂಗಡಿಯ ಕ್ಯಾಟಲಾಗು" ಎಂದು ಹಿಂದಿರುಗಿಸಿದ್ದರು. ನಾಳೆ ಎರಡನೆಯದೂ ತಿರಸ್ಕೃತವಾದರೆ, ತರಗತಿಯೆಲ್ಲ ಹವೇಲಿಗಳೆಂಬ ಹಳೆಯ ಮಹಲುಗಳ ಅಧ್ಯಯನಕ್ಕೆ ಜೈಸಲ್ಮೇರಿಗೆ ಹೊರಡುವಾಗ ಧಾರಿಣಿ ಹಾಸ್ಟೆಲಿನ ಗೋಡೆಗಳ ಅಧ್ಯಯನ ಮಾಡುತ್ತ ಕೂರಬೇಕು. ಸೋದರತ್ತೆಯ ಮನೆಯಷ್ಟು ಧಾರಾಳವಾಗಿ ಹರಡಿಕೊಂಡ ಮನೆ ಬೇರೊಂದಿಲ್ಲವೆಂದು ನಂಬಿ ಬಂದರೆ, ಅದೀಗ ಹೋಟೆಲಿನ ಕೋಣೆಯಂತೆ ಹೊಳೆಯುತ್ತಿತ್ತು.

ಧಾರಿಣಿ: ಮಾವನ ಪೇಪರ್ ರಾಶಿ?

ಶಾಂತಮ್ಮ: ಎದುರು ಫ್ಲ್ಯಾಟ್ ಭಾಭೀಜಿ ಮನೆಗೆ ಸಾಗಿಸಿದೆ.

ಧಾರಿಣಿ: ಅಕ್ಕಿ ಡ್ರಮ್ಮು?

ಶಾಂತಮ್ಮ: ಅದನ್ನೂ.

ಧಾರಿಣಿ: ಮಾವ?

ಇಂದುಶೇಖರ (ಬಾಲ್ಕನಿಯಿಂದ): ನನ್ನನ್ನ ಇಲ್ಲಿಗೆ ಸಾಗಿಸಿದಾಳಮ್ಮ. ಸೋಫಾದಲ್ಲಿ ಕೂತರೆ ಕುಶನ್ ಮುದುಡುತ್ತಂತೆ.

ಮೂವತ್ತು ವರ್ಷ ವೇದಾಂತ ಬೋಧಿಸಿ ನಿವೃತ್ತರಾಗಿದ್ದ ಇಂದುಶೇಖರರು, ಒರೆಸಿದ ನೆಲಕ್ಕೆ ಅಂಜಿ, ತುದಿಗಾಲಲ್ಲಿ ಒಳಬಂದರು.

ಇಂದುಶೇಖರ: ಶಾಂತಾ, ದೇವರ ಪಟ ಎಲ್ಲೇ?

ಶಾಂತಮ್ಮ: ಅಲ್ಮೇರಾದಲ್ಲಿ. ಎಣ್ಣೆ ಜಿಡ್ಡು ಹಿಡಿದಿತ್ತು.

ಇಂದುಶೇಖರ: ಜಗದೀಶ್ವರನನ್ನ ರಜಾಯಿಗಳ ಮಧ್ಯೆ ತುರುಕಿದೆಯಾ!

ಶಾಂತಮ್ಮ: ಸರ್ವಾಂತರ್ಯಾಮಿ ಅಂತ ನೀವೇ ಪಾಠ ಹೇಳ್ತಿದ್ರಲ್ರೀ. ರಜಾಯಿಯೊಳಗೆ ಮಾತ್ರ ಇರಬಾರದಾ? ಬೆಚ್ಚಗಿರ್ತಾನೆ ಬಿಡಿ.

ಧಾರಿಣಿ: ಅತ್ತೆ, ನಾನು ಬರೀಬೇಕಾದ್ದು ಆ ಜಿಡ್ಡನ್ನೇ! ಸರಿ, ಒದ್ದೆ ಟವೆಲ್ ಎಲ್ಲಿ ಹಾಕ್ತೀರಿ?

ಶಾಂತಮ್ಮ: ನಮ್ಮನೇಲಿ ಟವೆಲ್ ಒದ್ದೆಯಾಗಲ್ಲ.

ಧಾರಿಣಿ: ಮಾವ ಸ್ನಾನ ಮಾಡಲ್ವಾ?

ಶಾಂತಮ್ಮ: ಮಾಡ್ತಾರೆ. ಕಾಲೇಜಿಗೆಲ್ಲ ಹೇಳ್ಕೊಳ್ಳೋ ಅಂಥಾದ್ದೇನಲ್ಲ.

ಇಂದುಶೇಖರ: ದಿನಾ ಬಾಗಿಲ ಮೇಲೆ ಹಾಕ್ತೀನಮ್ಮ, ಬರ್ಕೋ.

ಶಾಂತಮ್ಮ: ಬರ್ಕೊಂಡ್ರೆ ನೋಡು! ನಿಮ್ಮ ಮೇಡಂ ಏನಂದ್ಕೋತಾರೆ?

ಧಾರಿಣಿ: ಅವರು ತಮ್ಮ ಮನೇನೇ ಮಾದರಿಗೆ ತೋರಿಸಿದ್ರು. ಡೈನಿಂಗ್ ಟೇಬಲ್ ಮೇಲೆ ಇಸ್ತ್ರಿ ಬಟ್ಟೆ, ಟ್ರೆಡ್‌ಮಿಲ್ ಮೇಲೆ ಸಾಕ್ಸು.

ಶಾಂತಮ್ಮ: ಅಯ್ಯೋ ಪಾಪ, ಹೇಳಿಕೊಡೋರಿಲ್ಲ. ಒಂದಿನ ಕರ್ಕೊಂಡು ಬಾ.

ಧಾರಿಣಿ ಹತಾಶಳಾಗಿ ಸೋಫಾದತ್ತ ನಡೆದಳು. "ಅಲ್ಲಿ ಬೇಡ!" ಕುರ್ಚಿಯತ್ತ ತಿರುಗಿದಳು. "ಅದನ್ನ ಸಾಲಾಗಿ ಜೋಡಿಸಿದೀನಿ!" ಅನ್ಯಗತಿಯಿಲ್ಲದೆ ಮೂವರೂ ಅಡುಗೆಮನೆ ಹೊಕ್ಕರು. ಶಾಂತಮ್ಮ ನೆಲದ ಮೇಲೆ ಬಟಾಣಿ ಸುಲಿಯತೊಡಗಿದರು. ಇಂದುಶೇಖರರು ಫ್ರಿಜ್ಜಿಗೆ ಒರಗಿ, ಕಾಲು ಚಾಚಿ, ಕನ್ನಡಕವನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು, ಮಿಕ್ಸಿಯ ಪ್ಲಗ್ ಪಾಯಿಂಟಿಗೆ ಫೋನಿನ ಚಾರ್ಜರ್ ಸಿಕ್ಕಿಸಿದರು. ತಾನೂ ಒಂದು ಹಿಡಿ ಬಟಾಣಿ ಎತ್ತಿಕೊಂಡ ಧಾರಿಣಿಯ ಕೈ ಅಲ್ಲೇ ನಿಂತಿತು.

ಧಾರಿಣಿ: ಮಾವ, ದಿನಾ ಇಲ್ಲೇ ಒರಗ್ತೀರಾ?

ಇಂದುಶೇಖರ: ಮತ್ತೆಲ್ಲಿ? ಬೆನ್ನಿಗೆ ಬೆಚ್ಚಗಿರುತ್ತೆ.

ಧಾರಿಣಿ: ಅತ್ತೆ, ನೀವು?

ಶಾಂತಮ್ಮ: ಇಲ್ಲಿಂದ ಒಲೇನೂ ಕಾಣುತ್ತೆ, ಇವರೂ ಕಾಣ್ತಾರೆ. ಎರಡೂ ಯಾವಾಗ ಉಕ್ಕುತ್ವೋ ಹೇಳಕ್ಕಾಗಲ್ಲ.

ಧಾರಿಣಿ (ಟೇಪು ಬಿಚ್ಚುತ್ತ): ಮನೆ ಸಿಕ್ತು! ಯಾರೂ ಅಲುಗಾಡಬೇಡಿ. ಮಾವನ ಕಾಲು ಮೂರಡಿ, ಬಟಾಣಿ ತಟ್ಟೆ ಒಂದಡಿ... ಜೈಸಲ್ಮೇರ್ ನನ್ನದೇ!

ಶಾಂತಮ್ಮ: ಅಚ್ಛಾ! ಅಂದ್ರೆ, ನಾವು ಇದ್ದ ಹಾಗೇ ಬರೀತೀಯಾ?

ಧಾರಿಣಿ: ಇದ್ದ ಹಾಗೇ ಅತ್ತೆ.

ಶಾಂತಮ್ಮ: ಮೊದಲೇ ಬಾಯಿ ಬಿಟ್ಟು ಹೇಳಬಾರದಾ! ಎರಡು ನಿಮಿಷ ತಾಳು, ರೇಷ್ಮೆ ಸೀರೆ ಉಟ್ಕೊಂಡು ಬರ್ತೀನಿ. ರೀ, ಏಳಿ, ನೀವೂ ಗಡ್ಡ ತೆಗೆದು ಬನ್ನಿ!