ಹಾಸು ಮುಗಿಯುವ ತನಕ

ಬಾಡಿಗೆ ಮನೆಯಲ್ಲಿ ಇರುವವರಿಗೆ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮೂರು ದಿನ ಧೈರ್ಯ ಕೂಡಿಸಬೇಕು. ಸುತ್ತಿಗೆ ಎತ್ತಿದ ಕೂಡಲೇ ಮಾಲೀಕರ ಮುಖ ಗೋಡೆಯ ಮೇಲೆ ಮೂಡುತ್ತದೆ. ಅಂಥದ್ದರಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಬಾಡಿಗೆ ಮನೆಯ ನಡುಮನೆಯಲ್ಲೇ ಒಂದು ಗುಂಡಿ ಇಟ್ಟುಕೊಂಡು ಸಂಸಾರ ಮಾಡುತ್ತಿದ್ದೇನೆ. ಗುಂಡಿ ನಾನು ತೋಡಿದ್ದಲ್ಲ, ಮಗ್ಗದ ಸಮೇತ ಮನೆಯ ಜೊತೆಗೇ ಬಂದದ್ದು. ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ನನ್ನ ಹೆಂಡತಿ ಅಂಜಿನಮ್ಮ ರೇಷ್ಮೆ ಸೀರೆ ನೇಯುತ್ತಾಳೆ. ಮೊಳಕಾಲ್ಮೂರಿನ ಗುಂಡಿಮಗ್ಗವೆಂದರೆ ಹಾಗೆ, ಅರ್ಧ ನೆಲದ ಮೇಲೆ, ಅರ್ಧ ನೆಲದ ಒಳಗೆ. ಬೀರು, ಮಂಚ, ಟಿ.ವಿ. ಎಲ್ಲವನ್ನೂ ಟೆಂಪೋದಲ್ಲಿ ಹೇರಿಕೊಂಡು ಹೋಗಬಹುದು, ಗುಂಡಿಯನ್ನು ಮಾತ್ರ ಯಾವ ಟೆಂಪೋದವನೂ ಸಾಗಿಸಿ ಕೊಡುವುದಿಲ್ಲ. ಈ ಸಣ್ಣ ಸತ್ಯ ತಲೆಗೆ ಹೊಳೆಯುವ ಮೊದಲೇ ನಾನು ಮನೆ ಖಾಲಿ ಮಾಡುತ್ತೇನೆಂದು ಮಾಲೀಕರಿಗೆ ಮಾತು ಕೊಟ್ಟುಬಿಟ್ಟಿದ್ದೆ, ಅದೂ ಹೆಂಡತಿಗೆ ಹೇಳದೆ.

ನೇಯ್ಗೆಗೂ ನನಗೂ ಇರುವ ಸಂಬಂಧ ಮದುವೆಯಿಂದ ಬಂದದ್ದು. ನನ್ನ ಹುಟ್ಟೂರು ದೇವಸಮುದ್ರದ ಕಡೆ. ಅಪ್ಪ ಮಗ್ಗ ಮಾರಿ ಹೊಲಕ್ಕೆ ಇಳಿದವರು, ಹೀಗಾಗಿ ನನಗೆ ಆ ವಿದ್ಯೆಯ ಗಂಧವೂ ಇಲ್ಲ. ಹೊಟ್ಟೆಪಾಡಿಗೆ ಚಳ್ಳಕೆರೆಯ ಒಂದು ಕಂಬಳಿ ಅಂಗಡಿಯಲ್ಲಿ ಇದ್ದೇನೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಕಂಬಳಿ ಬಿಚ್ಚಿ ತೋರಿಸುವುದು, ಗಿರಾಕಿ ಬೇಡವೆಂದ ಮೇಲೆ ಮತ್ತೆ ಮಡಚುವುದು. ಮದುವೆಯಾದ ಹೊಸದರಲ್ಲಿ ಪ್ರೀತಿಯಿಂದ ಮಗ್ಗದ ಮೇಲಿನ ಸೀರೆಯನ್ನೊಮ್ಮೆ ಸವರಿದ್ದೆ. ಬೆರಳಿನ ಒರಟಿಗೆ ರೇಷ್ಮೆಯ ಎಳೆ ಸಿಕ್ಕಿ ಎದ್ದು ನಿಂತಿತು. ರಾಯದುರ್ಗದ ಕಡೆಯವಳಾದ ಅಂಜಿನಮ್ಮನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ವದ್ದು, ವದ್ದು! ಊರಿಕೆ ಉಂಡಂಡಿ!" ಎಂದು ಕೂಗಿದಳು, ಬೇಡ, ಸುಮ್ಮನಿರಿ ಎಂದರ್ಥ. ಅಂದಿನಿಂದ ಇಂದಿನವರೆಗೂ ನಾನು ಆ ಮಗ್ಗದ ವಿಷಯದಲ್ಲಿ ಸುಮ್ಮನೇ ಇದ್ದೇನೆ.

ನಮ್ಮ ಮನೆ ಇರುವುದು ಬೆಟ್ಟದ ಕೆಳಗಿನ ಹಳೇಪೇಟೆಯಲ್ಲಿ. ಕಲ್ಲಿನ ಜಗಲಿ, ಮರದ ಕಂಬ, ತಲೆ ತಗ್ಗಿಸದೆ ಒಳಗೆ ಹೋದವರ ಹಣೆಗೆ ಬುದ್ಧಿ ಕಲಿಸುವ ಬಾಗಿಲು. ಇದನ್ನೆಲ್ಲ ನಾವು ಬೈದುಕೊಂಡೇ ಬದುಕಿದ್ದೆವು. ಮೊದಲಿಗೆ ಕುದಾಪುರದ ವಿಜ್ಞಾನ ಸಂಸ್ಥೆಗಳ ಕ್ಯಾಂಪಸ್ಸುಗಳಿಂದ ವಿಜ್ಞಾನಿಗಳ ಸಂಸಾರಗಳು ಭಾನುವಾರ ಸೀರೆ ಕೊಳ್ಳಲು ಬಂದವು. ಅವರ ಹಿಂದೆ ಅವರ ನೆಂಟರು ಬಂದರು, ನೆಂಟರ ಹಿಂದೆ ಕ್ಯಾಮೆರಾಗಳು ಬಂದವು. ನಮ್ಮ ತಾಲೂಕಿನ ಅಶೋಕನ ಶಾಸನ ನೋಡಲು ಬಂದವರು ಬಂಡೆಯ ಮುಂದೆ ಹತ್ತು ನಿಮಿಷ ನಿಂತು, ಅಕ್ಷರ ತಿಳಿಯದೆ, ಬಿಸಿಲು ತಡೆಯಲಾರದೆ ನಮ್ಮ ಬೀದಿಯ ನೆರಳಿಗೆ ಇಳಿದರು. ನಾವು ಒಡೆಸಬೇಕೆಂದಿದ್ದ ಬಾಗಿಲಿಗೆ ಒರಗಿ ಫೋಟೋ ತೆಗೆಸಿಕೊಂಡರು. ಜಗಲಿಯ ಮೇಲೆ ಒಣಹಾಕಿದ್ದ ಹುಣಸೆಹಣ್ಣಿಗೂ ಒಂದು ಫೋಟೋ ಸಿಕ್ಕಿತು. ಮೂಲೆಯ ಹೋಟೆಲಿನ ಮಿರ್ಚಿ ಮಂಡಕ್ಕಿ ಪೇಪರಿನಿಂದ ಮಣ್ಣಿನ ತಟ್ಟೆಗೆ ಏರಿತು, ತಟ್ಟೆಯ ಜೊತೆ ಬೆಲೆಯೂ ಏರಿತು. ಈಗ ಬೀದಿಯವರು ಯಾರೂ ಅಲ್ಲಿ ತಿನ್ನುವುದಿಲ್ಲ.

ಪಕ್ಕದ ಮನೆಯ ಬೋರಯ್ಯನವರು ಎಪ್ಪತ್ತು ದಾಟಿದ ನೇಕಾರರು. ಕಣ್ಣು ಮಂಜಾಗಿ ನೇಯ್ಗೆ ಬಿಟ್ಟಿದ್ದರು. ಅವರ ಮನೆಯ ಮುಂಭಾಗವನ್ನು ಹೊರಗಿನಿಂದ ಬಂದ ಗಡ್ಡದ ಯುವಕನೊಬ್ಬ ಹೆಂಡತಿಯ ಜೊತೆ ಬಾಡಿಗೆಗೆ ಹಿಡಿದು ಕಾಫಿ ಅಂಗಡಿ ತೆರೆದ. ಮಗ್ಗವನ್ನು ಬಿಚ್ಚಿ ಗೋಡೆಗೆ ಅಲಂಕಾರ ಮಾಡಿದರು. ಗುಂಡಿಯನ್ನು ಮಾತ್ರ ಮುಚ್ಚಲಿಲ್ಲ, ಸಿಮೆಂಟು ಬಳಿದು, ಸುತ್ತ ದಿಂಬು ಹಾಸಿ, ಮೇಲೊಂದು ಹಲಗೆ ಇಟ್ಟರು. ಈಗ ದೂರದೂರಿನ ಜನ ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಕಾಫಿ ಹೀರುತ್ತಾರೆ. ಬೋರಯ್ಯನವರು ಜಗಲಿಯ ಮೇಲೆ ಕೂತು ಅದನ್ನು ನೋಡುತ್ತಾ, "ಐವತ್ತು ವರ್ಷ ಅದ್ರಾಗೇ ಕಾಲು ಬಿಟ್ಕಂಡು ಕುಂತಿದ್ದೆ. ಒಬ್ಬನಾದ್ರೂ ಒಂದು ಲೋಟ ಕಾಫಿ ತಂದುಕೊಟ್ಟಿದ್ನಾ ನೋಡು" ಎಂದು ನನ್ನ ಹತ್ತಿರ ಅಂದರು. ಹಾಗೆಂದು ಬಂದವರನ್ನು ದೂರುವಂತೆಯೂ ಇಲ್ಲ. ಅಂಜಿನಮ್ಮನ ಸೀರೆಗಳನ್ನು ಮನೆ ಬಾಗಿಲಿಗೇ ಬಂದು ಕೊಂಡವರಿದ್ದಾರೆ. ವಿಜ್ಞಾನಿಯೊಬ್ಬರ ತಾಯಿ ಅಂಚಿನ ಬಣ್ಣ ನೋಡುತ್ತಾ ಕಣ್ಣು ತುಂಬಿಕೊಂಡಿದ್ದೂ ಉಂಟು.

ನಮ್ಮ ಮನೆಯ ಮಾಲೀಕರು ತಿಪ್ಪೇಸ್ವಾಮಿ. ಈ ಮನೆಯಲ್ಲೇ ಹುಟ್ಟಿ, ಅವರವ್ವ ನೇಯುವ ಸದ್ದಿನಲ್ಲೇ ಬೆಳೆದು, ಆಮೇಲೆ ಚಳ್ಳಕೆರೆಗೆ ಹೋಗಿ ಎಣ್ಣೆ ವ್ಯಾಪಾರಕ್ಕೆ ನಿಂತವರು. ಒಂದು ದಿನ ಕಂಬಳಿ ಅಂಗಡಿಗೆ ಬಂದು ನನ್ನನ್ನು ಚಹಾಕ್ಕೆ ಕರೆದರು. ಚಹಾದ ಜೊತೆ ಮಿರ್ಚಿಯನ್ನೂ ಹೇಳಿದಾಗಲೇ ನನಗೆ ಅಪಾಯದ ವಾಸನೆ ಬಡಿಯಿತು. "ಆ ಗಡ್ಡದೋರು ನಮ್ಮನೇನೂ ಕೇಳ್ತಾ ಅವ್ರಪ್ಪ. ಹೋಮ್‌ಸ್ಟೇ ಮಾಡ್ತಾರಂತೆ. ನಿನಗೇನೂ ತೊಂದ್ರೆ ಇಲ್ಲ ತಾನೆ?" ಎಂದರು. ಬಾಯಲ್ಲಿ ಅವರು ಕೊಡಿಸಿದ ಮಿರ್ಚಿ ಇತ್ತು. ಅದನ್ನು ಅಗಿಯುತ್ತಾ ಆಗುವುದಿಲ್ಲವೆನ್ನುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. "ಏನಿಲ್ಲ ಬಿಡ್ರಿ, ಖಾಲಿ ಮಾಡ್ತೀನಿ" ಎಂದೆ. ಅವರಿಗೇ ಕರುಣೆ ಬಂತೋ ಏನೋ, "ಮಗ್ಗದ ಮ್ಯಾಲೆ ಹಾಸು ಐತಾ?" ಎಂದು ಕೇಳಿದರು. ಸೀರೆಯ ಉದ್ದಕ್ಕೆ ಬರುವ ಎಳೆಗಳನ್ನು ಹಾಸು ಎನ್ನುತ್ತಾರೆ. ಒಂದು ಸಲ ಮಗ್ಗಕ್ಕೆ ಏರಿಸಿದರೆ ಮೂರು ನಾಲ್ಕು ಸೀರೆಗೆ ಆಗುತ್ತದೆ. "ಐತ್ರಿ" ಎಂದೆ. "ಹಂಗಾದ್ರೆ ಈಗ್ಲೇ ಬ್ಯಾಡ. ಹಾಸು ಇರೋ ಮಗ್ಗ ಎಬ್ಬಿಸಬಾರ್ದು ಅಂತ ನಮ್ಮವ್ವ ಹೇಳ್ತಿದ್ಲು. ಹಾಸು ಮುಗಿಯೋ ತನಕ ಇರು. ಇದು ನನ್ನ ಮಾತು" ಎಂದು ನನ್ನ ಬೆನ್ನು ತಟ್ಟಿದರು.

ಮರುದಿನದಿಂದಲೇ ಗುಟ್ಟಾಗಿ ಚಳ್ಳಕೆರೆಯಲ್ಲಿ ಮನೆ ಹುಡುಕಲು ಶುರುಮಾಡಿದೆ. ಹೊಸ ಬಡಾವಣೆಗಳಲ್ಲಿ ಮನೆಗಳಿಗೇನು ಬರವಿಲ್ಲ, ಎಲ್ಲವೂ ಕನ್ನಡಿಯಂಥ ಟೈಲ್ಸ್ ಹಾಕಿದವು. ನೀರು, ಕರೆಂಟು, ಬಚ್ಚಲು ಎಲ್ಲ ವಿಚಾರಿಸಿದ ಮೇಲೆ, "ಹಾಲ್‌ನಾಗೆ ಒಂದು ಗುಂಡಿ ತೋಡ್ಕಬೋದಾ ಸಾರ್?" ಎಂದು ಮೆಲ್ಲಗೆ ಕೇಳುತ್ತಿದ್ದೆ. ಒಬ್ಬರು ತೋರಿಸುತ್ತಿದ್ದ ಬೀಗದ ಕೈಯನ್ನು ತಿರುಗಿ ಜೇಬಿಗೆ ಇಳಿಸಿದರು. ಇನ್ನೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನಲೇ, ನಿಧಿ ತೆಗೆಯೋನಾ ನೀನು?" ಎಂದರು. ಮೂರನೆಯವರು, ಪಾಪ, ಒಳ್ಳೆಯ ಮನುಷ್ಯರು, ಗುಂಡಿ ಎಷ್ಟು ಉದ್ದವೆಂದು ಕೇಳಿದರು. ಒಬ್ಬರು ಕೂರುವಷ್ಟು ಎಂದೆ. ಅವರ ಹೆಂಡತಿ ಒಳಗಿನಿಂದ ಬಂದು ಬಾಗಿಲು ಹಾಕಿಕೊಂಡರು.

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಮನೆ ಹೋದರೆ ಇನ್ನೊಂದು ಮನೆ ಸಿಗುತ್ತದೆ. ಅಂಜಿನಮ್ಮನ ಮಗ್ಗಕ್ಕೆ ಇನ್ನೊಂದು ನೆಲ ಸಿಗುವುದಿಲ್ಲ. ಮಗ್ಗ ಬಿಟ್ಟರೆ ಅವಳಿಗೆ ಬೇರೆ ಕೆಲಸ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಒಂದು ಮಿರ್ಚಿಗೆ ಅವಳ ಇಡೀ ಬದುಕನ್ನು ಬರೆದುಕೊಟ್ಟು ಬಂದೆನಲ್ಲ ಎಂದು ನಾಚಿಕೆಯಾಯಿತು. ಹೇಳಿಬಿಡೋಣವೆಂದು ದಿನಾ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬರುತ್ತಿದ್ದೆ, ಮನೆಯ ಬಾಗಿಲಲ್ಲಿ ತಲೆ ತಗ್ಗಿಸುವಾಗ ಅವು ಉದುರಿ ಹೋಗುತ್ತಿದ್ದವು. ಅದಕ್ಕೇ ಇನ್ನೊಂದು ಉಪಾಯ ಮಾಡಿದೆ. ಹಾಸು ಮುಗಿಯಬಾರದು, ಅಷ್ಟೇ ತಾನೆ? ಅವಳು ನೇಯುವುದು ನಿಧಾನವಾದರೆ ಆಯಿತು. "ಸೊಂಟ ನೋಯ್ತದೆ, ಇವತ್ತು ಬಿಡು", "ನಿನ್ನ ಅಕ್ಕನ ಮನೆಗೆ ಹೋಗಿ ಎಷ್ಟು ದಿನ ಆತು" ಎಂದು ಹೇಳತೊಡಗಿದೆ. ಇಪ್ಪತ್ತೆರಡು ವರ್ಷದಲ್ಲಿ ಅವಳ ಸೊಂಟದ ಬಗ್ಗೆ ವಿಚಾರಿಸದ ಗಂಡ ದಿನಕ್ಕೆರಡು ಸಲ ವಿಚಾರಿಸಿದರೆ ಯಾವ ಹೆಂಡತಿಗೆ ಅನುಮಾನ ಬರುವುದಿಲ್ಲ? ಒಂದು ಭಾನುವಾರ, ಅಡ್ಡ ನೂಲು ಓಡಿಸುವ ಲಾಳಿಯನ್ನೇ ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟೆ. ಮಧ್ಯಾಹ್ನ ಅನ್ನಕ್ಕೆ ಅಕ್ಕಿ ತೆಗೆಯುವಾಗ ಅದು ಸಿಕ್ಕಿತು. "ಯಾಕ್ರಿ, ಮೈಯಾಗೆ ಹುಷಾರೈತಾ?" ಎಂದು ಹಣೆ ಮುಟ್ಟಿ ನೋಡಿದಳು. ಆ ಸೀರೆ ಎಂದಿಗಿಂತ ಎರಡು ದಿನ ಮೊದಲೇ ಮುಗಿಯಿತು.

ಆ ಹಾಸಿನ ಕೊನೆಯ ಸೀರೆಯನ್ನು ಶನಿವಾರ ಮಗ್ಗದಿಂದ ಕೊಯ್ದಳು. ಕೊಟ್ಟ ಮಾತಿಗೆ ತಪ್ಪಬಾರದಲ್ಲ, ನಾನೇ ತಿಪ್ಪೇಸ್ವಾಮಿಯವರಿಗೆ ಫೋನ್ ಮಾಡಿ ಹಾಸು ಮುಗಿಯಿತೆಂದು ತಿಳಿಸಿದೆ. ಭಾನುವಾರ ಬೆಳಿಗ್ಗೆ ಅವರು ಗಡ್ಡದವನನ್ನೂ ಅವನ ಹೆಂಡತಿಯನ್ನೂ ಕರೆದುಕೊಂಡು ಬಂದರು. ಗಡ್ಡದವನ ಕೈಯಲ್ಲಿ ಅಳತೆಯ ಟೇಪು. ಗದ್ದಲ ಕೇಳಿ ಬೋರಯ್ಯನವರೂ ಬಂದು ಕಂಬಕ್ಕೆ ಒರಗಿದರು. ಒಳಗೆ ಅಂಜಿನಮ್ಮ ಮಗ್ಗದ ಮುಂದೆ ಕೂತು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಏನನ್ನೋ ಹೊಸೆಯುತ್ತಿದ್ದಳು.

"ಏನಮ್ಮಾ, ಹಾಸು ಮುಗೀತಂತೆ? ನಿನ್ನ ಗಂಡ ಮನೆ ಬಿಡ್ತೀನಿ ಅಂದಾನೆ" ಎಂದರು ತಿಪ್ಪೇಸ್ವಾಮಿ.

ಅಂಜಿನಮ್ಮ ನನ್ನ ಕಡೆಗೊಮ್ಮೆ ನೋಡಿದಳು. ಅಕ್ಕಿ ಡಬ್ಬದ ಲಾಳಿ, ಸೊಂಟದ ವಿಚಾರಣೆ, ಎಲ್ಲಕ್ಕೂ ಆ ಕ್ಷಣದಲ್ಲೇ ಅವಳಿಗೆ ಅರ್ಥ ಸಿಕ್ಕಿರಬೇಕು. ನಾನು ಕಂಬದ ಹಿಂದೆ ಸರಿದೆ, ಆದರೆ ಅಲ್ಲಿ ಬೋರಯ್ಯನವರಿದ್ದರು.

"ಯಾವಾಗ ಬಿಡ್ಬೇಕಂತ್ರಿ?" ಎಂದು ಕೇಳಿದಳು.

"ಹಾಸು ಮುಗಿದ ಮ್ಯಾಲೆ ಅಂತ ಮಾತಾಗೈತೆ."

"ಹಂಗೋ. ಹಂಗಾದ್ರೆ ಎಲ್ಲಿ ಮುಗೀತ್ರಿ? ಕೆಚ್ತಾ ಇದೀನಲ್ಲ."

ಕಂಬಳಿಯ ಲೋಕದವನಾದ ನನಗೆ ಗೊತ್ತಿಲ್ಲದಿದ್ದ ಸಂಗತಿ ಇದು. ರೇಷ್ಮೆಮಗ್ಗದಲ್ಲಿ ಕೊನೆಯ ಸೀರೆ ಕೊಯ್ದ ಮೇಲೂ ಹಳೆಯ ಹಾಸಿನ ಗೇಣುದ್ದದ ತುದಿಯನ್ನು ಎಳೆ ಹಾಯುವ ಹಣಿಗೆಯಲ್ಲೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ತುದಿಗೆ ಹೊಸೆದು ಕೂಡಿಸುತ್ತಾರೆ. ಅದಕ್ಕೇ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ, ಒಂದಕ್ಕೂ ಗಂಟು ಬೀಳಬಾರದು. ಹೀಗೆ ಕೆಚ್ಚಿದ ಮಗ್ಗ ಒಂದು ದಿನವೂ ಬರಿದಾಗುವುದಿಲ್ಲ, ಹಾಸು ಎಂದೂ ಮುಗಿಯುವುದಿಲ್ಲ. ಇಪ್ಪತ್ತೆರಡು ವರ್ಷ ಅವಳು ಕೆಚ್ಚುವಾಗಲೆಲ್ಲ ನಾನು ಅಲ್ಲೇ ಎರಡು ಮಾರು ದೂರದಲ್ಲಿ ಪೇಪರ್ ಓದುತ್ತಾ ಕೂತಿದ್ದೆ.

ತಿಪ್ಪೇಸ್ವಾಮಿ ತಲೆ ಕೆರೆದುಕೊಂಡರು. "ಅಲ್ಲಮ್ಮಾ, ನಾನು ಅಂದಿದ್ದು ಹಳೇ ಹಾಸು..."

"ನಾನು ಈ ಮನೆಗೆ ಬಂದಾಗ ಮಗ್ಗದಾಗೆ ನಿಮ್ಮವ್ವ ಬಿಟ್ಟ ತುದಿ ಇತ್ರಿ. ಅದಕ್ಕೇ ನಾನು ಮೊದಲ್ನೇ ಸಲ ಕೆಚ್ಚಿದ್ದು. ಇದ್ರಾಗೆ ಹಳೇದು ಯಾವ್ದು, ಹೊಸದು ಯಾವ್ದು? ನೀವೇ ತೋರಿಸ್ರಿ, ಬಿಡ್ತೀನಿ."

ಬೋರಯ್ಯನವರು ಕಂಬದ ಹಿಂದಿನಿಂದ, "ತಿಪ್ಪಣ್ಣಾ, ಎಣ್ಣೆ ಮಾರಿ ಮಾರಿ ಮಗ್ಗ ಮರ್ತೆ ನೀನು" ಎಂದರು.

ಗಡ್ಡದವನ ಹೆಂಡತಿ, "ಹಾಗಾದರೆ ಇದು ಯಾವಾಗ ಮುಗಿಯುತ್ತೆ?" ಎಂದು ಕೇಳಿದಳು. ತಿಪ್ಪೇಸ್ವಾಮಿ ಚಪ್ಪಲಿ ಬಿಟ್ಟು ಮಗ್ಗದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬೂದಿಗೆ ಬೆರಳು ಅದ್ದಿ, ಎರಡು ಎಳೆ ಹಿಡಿದು ಸುಮ್ಮನೆ ಹೊಸೆದರು. ಕೂಡಿತು. ಇನ್ನೆರಡು ಹಿಡಿದರು, ಅವೂ ಕೂಡಿದವು. ಎಣ್ಣೆಯ ಕೈಯಾದರೂ ಬೆರಳು ಅವ್ವನ ಪಾಠ ಮರೆತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಮೂಗು ಒರೆಸಿಕೊಂಡು, "ಮಾತು ಅಂದ್ರೆ ಮಾತು. ಹಾಸು ಮುಗಿಯೋ ತನಕ ಇರ್ರಿ" ಎಂದರು. ಆಮೇಲೆ ಜೋರಾಗಿ ನಕ್ಕು, "ನಮ್ಮವ್ವ ಇದ್ದಿದ್ರೆ ನನ್ನ ಕಪಾಳಕ್ಕೆ ಕೊಡ್ತಿದ್ಲು ಕಣಪ್ಪಾ" ಎಂದು ಹೊರಟರು. ಗಡ್ಡದವನು ಟೇಪನ್ನು ಜೇಬಿಗೆ ಹಾಕಿಕೊಂಡು, ಗಿರಾಕಿಗಳು ಮಗ್ಗ ನೋಡಲು ಬಂದರೆ ನಡೆಯುತ್ತದೆಯೇ ಎಂದು ಕೇಳಿದ. "ಬರ್ಲಿ, ಮುಟ್ಟೋದು ಬ್ಯಾಡ" ಎಂದಳು ಅಂಜಿನಮ್ಮ.

ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಎರಡು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಮುದ್ದೆ ಉಂಡೆ. ಉಂಡಾದ ಮೇಲೆ ಅಂಜಿನಮ್ಮ ಬಯ್ಯಲಿಲ್ಲ, ತೆಲುಗನ್ನೂ ತೆಗೆಯಲಿಲ್ಲ. ಬೂದಿಯ ಬಟ್ಟಲನ್ನು ನನ್ನ ಮುಂದೆ ಇಟ್ಟಳು. "ಮನೆ ಈಗ ಈ ಎಳೆ ಮ್ಯಾಲೆ ನಿಂತೈತೆ. ನನಗೂ ವಯಸ್ಸಾತು. ನೀವೂ ಕೆಚ್ರಿ" ಎಂದಳು.

ಅಂದಿನಿಂದ ಹಾಸು ಬದಲಾದಾಗಲೆಲ್ಲ ನಾನೂ ಕೂರುತ್ತೇನೆ. ಕಾಫಿ ಅಂಗಡಿಯ ಗಿರಾಕಿಗಳು ಬಂದು ನನ್ನನ್ನೂ ನೇಕಾರನೆಂದು ತಿಳಿದು ಫೋಟೋ ತೆಗೆಯುತ್ತಾರೆ, ನಾನು ಮುಖ ಗಂಭೀರ ಮಾಡಿಕೊಳ್ಳುತ್ತೇನೆ. ಹೋದ ಸಲ ಪೂರ್ತಿ ಒಂದು ಅಂಚಿನ ಎಳೆಗಳನ್ನು ನಾನೊಬ್ಬನೇ ಕೂಡಿಸಿದೆ. ಮನೆ ಕಳೆಯಲು ಹೊರಟವನೇ ಮನೆ ಉಳಿಸುತ್ತಿದ್ದೇನೆ ಎಂದು ಎದೆಯುಬ್ಬಿಸಿ ಬಸ್ಸಿಗೆ ಹೊರಟೆ. ಬುತ್ತಿ ಮರೆತಿದ್ದರಿಂದ ಬೀದಿಯ ತುದಿಯಿಂದ ತಿರುಗಿ ಬಂದೆ. ಬಾಗಿಲಲ್ಲಿ ತಲೆ ತಗ್ಗಿಸಿ ನೋಡಿದರೆ ಅಂಜಿನಮ್ಮ ನಾನು ಕೂಡಿಸಿದ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಹೊಸದಾಗಿ ಕೆಚ್ಚುತ್ತಿದ್ದಳು. ನಾನು ಹಿಂದಕ್ಕೆ ಸರಿದು, ಜಗಲಿಯ ಮೇಲೆ ಜೋರಾಗಿ ಎರಡು ಸಲ ಕೆಮ್ಮಿ ಒಳಗೆ ಹೋದೆ. ಅವಳು ಅಷ್ಟರಲ್ಲಿ ಲಾಳಿಗೆ ನೂಲು ಸುತ್ತಿದ ಕಂಡಿಕೆ ತುಂಬುತ್ತಿದ್ದಳು.

"ಹೆಂಗೈತೆ ನನ್ನ ಕೆಲಸ?" ಎಂದೆ.

"ಚೆನ್ನಾಗೈತ್ರಿ" ಎಂದಳು. ಬುತ್ತಿ ತೆಗೆದುಕೊಂಡು ನೆಮ್ಮದಿಯಿಂದ ಬಸ್ಸಿಗೆ ನಡೆದೆ.