ಹೋಬಾ ಎಲೆಯ ಪೇಚಾಟ

ತೊಮೆಜಿ ಬೆಳಿಗ್ಗೆ ಅಂಗಳ ಗುಡಿಸಿ ಕಸಕ್ಕೆ ಬೆಂಕಿ ಹಾಕಿದ್ದ. ಸೂರಿನ ಕೆಳಗೆ ಚಾಪೆಯ ಮೇಲಿದ್ದ ಒಣ ಎಲೆಗಳನ್ನೂ ಅದಕ್ಕೇ ಸುರಿದು, ಮಗಳು ಕಿನುಗೆಂದು ಕೆಂಡದಲ್ಲಿ ಒಂದು ಗೆಣಸು ಹೂತ. ಅಷ್ಟರಲ್ಲಿ ಬೇಲಿಯ ಮೇಲೆ ಪಕ್ಕದ ಮನೆಯ ಮಸುಯೊಳ ತಲೆ ಮೂಡಿತು.

“ಅಯ್ಯಯ್ಯೋ, ಏನಪ್ಪಾ ಮಾಡ್ದೆ! ಅದು ಹೋಬಾ ಎಲೆ ಕಣೋ, ನಿಮ್ಮತ್ತೆ ಬೆಟ್ಟದಿಂದ ಆಯ್ಕೊಂಡು ಬಂದಿದ್ದು! ಚಳಿಗಾಲದಲ್ಲಿ ಬಂದೋರಿಗೆ ಯಾವುದರ ಮೇಲೆ ಮಿಸೋ ಸುಡ್ತೀಯ? ನಿನ್ನ ಅಂಗೈ ಮೇಲಾ?”

ತೊಮೆಜಿಯ ಕೈಯಿಂದ ಪೊರಕೆ ಜಾರಿತು. ಹೋಬಾ ಮರದ ಅಗಲವಾದ ಒಣ ಎಲೆಯನ್ನು ಕೆಂಡದ ಮೇಲಿಟ್ಟು, ಮಿಸೋ ಎಂಬ ಸೋಯಾಕಾಳಿನ ಉಪ್ಪುಮುದ್ದೆಯನ್ನು ಅದರಲ್ಲಿ ಸುಟ್ಟು ಬಡಿಸುವುದು ಆ ಬೆಟ್ಟದೂರಿನ ರೂಢಿ. ಕಡಲತೀರದ ಊರಿನಿಂದ ಬಂದ ಮನೆಯಳಿಯ ಅವನು. ಮೀನು ಬಲ್ಲ, ಮರ ಅರಿಯ. ಸೊಂಟನೋವಿಗೆಂದು ಬಿಸಿನೀರ ಬುಗ್ಗೆಗೆ ಹೋಗಿದ್ದ ಅತ್ತೆ ಸಂಜೆ ಮರಳಿದ ಮೇಲೆ, ತಮ್ಮ ಪುಟ್ಟ ವಸತಿಗೃಹದ ಅಡುಗೆಮನೆಯನ್ನು ಅವನಿಗೆ ಒಪ್ಪಿಸುವುದೆಂದು ಮಾತಾಗಿತ್ತು. ಮದುವೆಯಾದಂದಿನಿಂದ ಪಾತ್ರೆ ತೊಳೆದು ಕಾದಿದ್ದ ಭಾಗ್ಯ.

“ಅಪ್ಪಾ, ಅಜ್ಜಿ ಏನ್ ಹೇಳಿದ್ರು ಗೊತ್ತಾ...” ಎಂದಳು ಕಿನು.

“ಸುಮ್ನಿರು ಪುಟ್ಟಿ, ಆಮೇಲೆ.”

ಬುಟ್ಟಿ ಹಿಡಿದು ಬೆಟ್ಟ ಹತ್ತಿದ. ಕರೆಯದಿದ್ದರೂ ಮಸುಯೊ ಹಿಂದೆಯೇ ಬಂದು, ಮಗನಿಗೆ ಹೆಣ್ಣು ನೋಡುವವಳಂತೆ ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದಳು. “ಇದು ತೂತು. ಮಿಸೋ ಸೋರಿ ಕೆಂಡಕ್ಕೆ ಬೀಳತ್ತೆ. ಇದು ಗೇಣುದ್ದ. ಅಣಬೆ, ಈರುಳ್ಳಿ ಎಲ್ಲಿ ಕೂರ್ಬೇಕು, ನಿನ್ನ ತಲೆ ಮೇಲಾ?”

ಇಳಿಯುವಾಗ ತೊಮೆಜಿ ಕುಂಬಳಕಾಯಿಯಂತೆ ಉರುಳಿದ. ಬುಟ್ಟಿಯನ್ನು ಅಪ್ಪಿಕೊಂಡಿದ್ದರಿಂದ ಒಂದೆಲೆಯೂ ಹರಿಯಲಿಲ್ಲ. ಹರಿದದ್ದು ಷರಾಯಿ ಮಾತ್ರ. ಮನೆಗೆ ಬಂದು, ಕೂಸಿನ ಮೈ ಒರೆಸುವಂತೆ ಪ್ರತಿ ಎಲೆಯನ್ನೂ ಒರೆಸಿ ಚಾಪೆಯ ಮೇಲೆ ಹರಡಿದ. ಪಕ್ಕದಲ್ಲಿ ಬೆಂಕಿ ಹೊತ್ತಿಸಿ ಕಾವು ಕೊಟ್ಟ.

“ಅಪ್ಪಾ, ಅಜ್ಜಿ ಹೋಗುವಾಗ...”

“ಅಜ್ಜಿ ಹೆಸರು ಎತ್ತಬೇಡ ಕಂದಾ, ಎದೆ ಡವಡವ ಅನ್ನತ್ತೆ.”

ಸಂಜೆ ಅತ್ತೆ ಬಂದಳು. ಚಾಪೆ ಕಂಡದ್ದೇ ಹುಬ್ಬು ಗಂಟಿಕ್ಕಿತು.

“ಇದಿನ್ನೂ ಇಲ್ಲೇ ಇದೆಯಾ? ಒಳ್ಳೇ ಎಲೆನೆಲ್ಲಾ ಅಟ್ಟಕ್ಕೆ ಹಾಕಿದೀನಿ, ಈ ಹುಳ ತಿಂದಿದ್ದನ್ನ ಸುಟ್ಟುಬಿಡು ಅಂತ ಕಿನು ಹತ್ರ ಹೇಳಿದ್ನಲ್ಲ! ಇಷ್ಟು ಕೆಲಸ ಆಗದೋನಿಗೆ ಅಡುಗೆಮನೆ ಒಪ್ಪಿಸ್ಲಾ? ಮುಂದಿನ ವರ್ಷ ನೋಡೋಣ.”

ಬಗ್ಗಲಾರದ ಅತ್ತೆ ಊರುಗೋಲಿನಿಂದಲೇ ಎಲೆಗಳನ್ನೆಲ್ಲ ಬೆಂಕಿಗೆ ತಳ್ಳಿದಳು. ಬೇಲಿಯ ಮೇಲಿದ್ದ ಮಸುಯೊಳ ತಲೆ ಮೆಲ್ಲನೆ ಮುಳುಗಿತು.

ಈಗ ಸುಮ್ಮನಿರೆನ್ನುವವರು ಯಾರೂ ಇರಲಿಲ್ಲ. ಕಿನು ಅಪ್ಪನ ಹರಿದ ಷರಾಯಿ ಜಗ್ಗಿ ಜೋರಾಗಿಯೇ ಕೇಳಿದಳು:

“ಅಪ್ಪಾ, ಅಜ್ಜಿ ಹೇಳಿದ್ದನ್ನ ನೀನು ಬೆಳಿಗ್ಗೆನೇ ಸುಟ್ಟಾಗಿತ್ತಲ್ಲ, ಮತ್ತೆ ಬೆಟ್ಟ ಹತ್ತಿ ಇಷ್ಟೊಂದು ಎಲೆ ಯಾಕೆ ತಂದೆ?”